ಮೇಲಿಂದ ಕೆಳಕ್ಕೆ ಮಾತ್ರ: ಉಪಗ್ರಹ ಟಿವಿ ಹೇಗೆ ಕೆಲಸ ಮಾಡುತ್ತದೆ

ಎಲ್ಲರಿಗೂ ನಮಸ್ಕಾರ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮೇಲಿರುವ ಉಪಗ್ರಹಕ್ಕೆ ನೀವು ಇದ್ದೀರಿ ಅನ್ನೋದೇ ಗೊತ್ತಿಲ್ಲ. ಮನೆಯ ಡಿಶ್ ಅದಕ್ಕೆ ಏನನ್ನೂ ಕಳಿಸುವುದಿಲ್ಲ. ನೀವು ಚಾನೆಲ್ ಬದಲಿಸಿದರೂ, ಟಿವಿ ಆರಿಸಿ ಮಲಗಿದರೂ ಮೇಲಿಂದ ಬರುವುದು ಬರುತ್ತಲೇ ಇರುತ್ತದೆ. ಡಂಗುರ ಸಾರುವವನು ಸಾರುತ್ತಾ ಹೋಗುತ್ತಾನೆ, ಯಾರು ಕೇಳಿಸಿಕೊಂಡರು, ಯಾರು ಬಿಟ್ಟರು ಎಂದು ಅವನಿಗೆ ತಿಳಿಯದು. ಉಪಗ್ರಹದ ಕೆಲಸವೂ ಅಷ್ಟೇ. ಹತ್ತು ಡಿಶ್ ಇರಲಿ, ಹತ್ತು ಕೋಟಿ ಡಿಶ್ ಇರಲಿ, ಅದಕ್ಕೆ ಖರ್ಚು ಒಂದೇ, ಶ್ರಮ ಒಂದೇ.

ಇದೊಂದು ಮನಸ್ಸಿನಲ್ಲಿದ್ದರೆ ಮಿಕ್ಕಿದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ರೀಚಾರ್ಜ್ ಮಾಡಿದ ಮೇಲೆ ಬಾಕ್ಸ್ ಆನ್ ಇಡಿ ಅಂತ ಯಾಕೆ ಹೇಳುತ್ತಾರೆ? ಉಚಿತ ಚಾನೆಲ್ಲಿಗೂ ದುಡ್ಡಿನ ಚಾನೆಲ್ಲಿಗೂ ಏನು ವ್ಯತ್ಯಾಸ? ಬೇಕಾದ ಕಂತನ್ನು ಬೇಕಾದಾಗ ನೋಡಲು ಡಿಶ್ ಒಂದೇ ಯಾಕೆ ಸಾಲುವುದಿಲ್ಲ? ಎಲ್ಲದಕ್ಕೂ ಉತ್ತರ ಈ ಒಂದೇ ಸಂಗತಿಯಲ್ಲಿದೆ. ದಾರಿ ಮೇಲಿಂದ ಕೆಳಕ್ಕೆ ಮಾತ್ರ.

ಮೊದಲು ಉಪಗ್ರಹ ನಿಂತಿರುವ ಜಾಗ ನೋಡೋಣ. ಸಮಭಾಜಕ ವೃತ್ತದ ನೇರ ಮೇಲೆ, 35,786 ಕಿಲೋಮೀಟರ್ ಎತ್ತರ. ಭೂಮಿಯ ಅಡ್ಡಳತೆಯ ಮೂರು ಪಟ್ಟಿಗಿಂತ ಸ್ವಲ್ಪ ಕಡಿಮೆ. ಅಲ್ಲಿ ಸುತ್ತುವ ವಸ್ತು ಒಂದು ಸುತ್ತು ಮುಗಿಸಲು ತೆಗೆದುಕೊಳ್ಳುವ ಹೊತ್ತೂ, ಭೂಮಿ ತನ್ನ ಸುತ್ತ ತಿರುಗುವ ಹೊತ್ತೂ ಒಂದೇ: 23 ಗಂಟೆ 56 ನಿಮಿಷ ಚಿಲ್ಲರೆ. ಹಾಗಾಗಿ ಕೆಳಗಿನಿಂದ ನೋಡುವವರಿಗೆ ಅದು ಆಕಾಶದಲ್ಲಿ ಒಂದೇ ಕಡೆ ನಿಂತಂತೆ. ನಿಜದಲ್ಲಿ ಅದು ಸೆಕೆಂಡಿಗೆ ಮೂರು ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಓಡುತ್ತಿದೆ. ಇನ್ನೂ ಕೆಳಗಿದ್ದರೆ ಬೇಗ ಸುತ್ತುತ್ತದೆ, ಇನ್ನೂ ಮೇಲಿದ್ದರೆ ನಿಧಾನ. ನಿಂತಂತೆ ಕಾಣುವ ಎತ್ತರ ಇದೊಂದೇ. ಜಗತ್ತಿನ ಟಿವಿ ಉಪಗ್ರಹಗಳೆಲ್ಲ ಹೆಚ್ಚುಕಡಿಮೆ ಈ ಒಂದೇ ಉಂಗುರದಲ್ಲಿ ಸಾಲಾಗಿ ಕೂತಿವೆ. ಯಾವ ದೇಶಕ್ಕೆ ಯಾವ ಜಾಗ, ಯಾವ ಫ್ರೀಕ್ವೆನ್ಸಿ (ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಲೆಕ್ಕ) ಎಂಬ ಹೊಂದಾಣಿಕೆ ನಡೆಯುವುದು ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮೂಲಕ.

ಇಂಥ ಮೂರು ಉಪಗ್ರಹ ಇದ್ದರೆ ಇಡೀ ಭೂಮಿಗೆ ಪ್ರಸಾರ ಮಾಡಬಹುದು ಎಂದು ಬ್ರಿಟಿಷ್ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಬರೆದದ್ದು 1945ರಲ್ಲಿ. ಆಗ ಯಾವ ದೇಶವೂ ಒಂದೇ ಒಂದು ಉಪಗ್ರಹವನ್ನೂ ಹಾರಿಸಿರಲಿಲ್ಲ! 1962ರ ಟೆಲ್‌ಸ್ಟಾರ್ ಉಪಗ್ರಹ ಅಟ್ಲಾಂಟಿಕ್ ದಾಟಿಸಿ ಟಿವಿ ಚಿತ್ರ ಕಳಿಸಿತು ನಿಜ, ಆದರೆ ಅದು ತೀರಾ ಕೆಳಗಿನ ಕಕ್ಷೆಯಲ್ಲಿತ್ತು. ಎರಡೂ ದಡಕ್ಕೆ ಒಟ್ಟಿಗೆ ಕಾಣುತ್ತಿದ್ದದ್ದು ಒಂದು ಸಲಕ್ಕೆ ಸುಮಾರು ಇಪ್ಪತ್ತು ನಿಮಿಷ. ಅಷ್ಟು ಹೊತ್ತೂ ಭಾರೀ ಆಂಟೆನಾಗಳು ಅದರ ಹಿಂದೆ ತಿರುಗುತ್ತಲೇ ಇರಬೇಕಿತ್ತು. 1964ರಲ್ಲಿ ಸಿಂಕಾಮ್ 3 ಉಪಗ್ರಹ ನಿಂತಂತೆ ಕಾಣುವ ಕಕ್ಷೆಗೆ ಹೋಯಿತು, ಅದೇ ವರ್ಷ ಟೋಕಿಯೊ ಒಲಿಂಪಿಕ್ಸ್ ಪೆಸಿಫಿಕ್ ದಾಟಿ ಅಮೆರಿಕ ತಲುಪಿತು. ಒಮ್ಮೆ ಗುರಿ ಹಿಡಿದು ಬೋಲ್ಟ್ ಬಿಗಿದರೆ ವರ್ಷಗಟ್ಟಲೆ ಮುಟ್ಟಬೇಕಿಲ್ಲದ ಡಿಶ್ ಸಾಧ್ಯವಾದದ್ದು ಈ ಕಕ್ಷೆಯಿಂದ.

ಈಗ ಒಂದು ಚಿತ್ರದ ಜೊತೆ ಹೊರಡೋಣ. ಸ್ಟುಡಿಯೋದಲ್ಲಿ ಎಚ್‌ಡಿ ಕ್ಯಾಮೆರಾದಿಂದ ಹೊರಬರುವ ಹಸಿ ಚಿತ್ರ ಸೆಕೆಂಡಿಗೆ ಸುಮಾರು 150 ಕೋಟಿ ಬಿಟ್, ಅಂದರೆ ಅಷ್ಟು ಸೊನ್ನೆ, ಒಂದುಗಳು. ಅಷ್ಟನ್ನೂ ಮೇಲಕ್ಕೆ ಕಳಿಸಲು ಆಗುವುದಿಲ್ಲ. ಆದ್ದರಿಂದ ಎನ್‌ಕೋಡರ್ ಎಂಬ ಯಂತ್ರ ಅದನ್ನು ಹಿಂಡುತ್ತದೆ. ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಏನು ಬದಲಾಗಿದೆಯೋ ಅದನ್ನು ಮಾತ್ರ ಇಟ್ಟುಕೊಂಡು, ಕಣ್ಣಿಗೆ ಗೊತ್ತಾಗದ ವಿವರ ಕೈಬಿಟ್ಟು, ಸೆಕೆಂಡಿಗೆ ಕೆಲವೇ ಮೆಗಾಬಿಟ್‌ಗೆ (ಒಂದು ಮೆಗಾಬಿಟ್ ಅಂದರೆ ಹತ್ತು ಲಕ್ಷ ಬಿಟ್) ಇಳಿಸುತ್ತದೆ. ಆಮೇಲೆ ಹತ್ತಾರು ಚಾನೆಲ್‌ಗಳನ್ನು ಸೇರಿಸಿ ಒಂದೇ ಹರಿವು ಮಾಡುತ್ತಾರೆ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಜಾಣತನ ಇದೆ. ಆ ಹರಿವಿನಲ್ಲಿ ಯಾವ ಚಾನೆಲ್ಲಿಗೂ ಇಷ್ಟೇ ಪಾಲು ಎಂದು ಗೆರೆ ಎಳೆದಿರುವುದಿಲ್ಲ. ಒಂದು ಚಾನೆಲ್ಲಿನಲ್ಲಿ ವಾರ್ತೆ ಓದುವವರು ಅಲುಗಾಡದೆ ಕೂತಿದ್ದಾರೆ, ಇನ್ನೊಂದರಲ್ಲಿ ಫುಟ್‌ಬಾಲ್ ನಡೆಯುತ್ತಿದೆ ಅನ್ನಿ. ವಾರ್ತೆಗೆ ಬೇಡವಾದ ಬಿಟ್‌ಗಳು ಆ ಕ್ಷಣಕ್ಕೆ ಫುಟ್‌ಬಾಲ್‌ಗೆ ಹೋಗುತ್ತವೆ. ಮರುಕ್ಷಣ ವಾರ್ತೆಯಲ್ಲಿ ಗಲಾಟೆಯ ದೃಶ್ಯ ಬಂದರೆ ಲೆಕ್ಕ ತಿರುಗುಮುರುಗು. ಈ ಕೊಡುಕೊಳ್ಳುವಿಕೆ ಸೆಕೆಂಡಿಗೆ ಹಲವು ಸಲ ನಡೆಯುತ್ತದೆ. ನೋಡುವವರಿಗೆ ಸುಳಿವೂ ಸಿಗುವುದಿಲ್ಲ.

ಈ ಹರಿವನ್ನು ದೊಡ್ಡ ಡಿಶ್ ಒಂದು ಮೇಲಕ್ಕೆ ಕಳಿಸುತ್ತದೆ. ಇದೇ ಅಪ್‌ಲಿಂಕ್. ಉಪಗ್ರಹದಲ್ಲಿ ಅದನ್ನು ಹಿಡಿಯುವ ಸಾಧನದ ಹೆಸರು ಟ್ರಾನ್ಸ್‌ಪಾಂಡರ್. ಅದು ಮಾಡುವುದು ಮೂರೇ ಕೆಲಸ: ಕೇಳಿಸಿಕೊಳ್ಳುವುದು, ಫ್ರೀಕ್ವೆನ್ಸಿ ಬದಲಿಸುವುದು, ಬಲ ತುಂಬಿ ಕೆಳಕ್ಕೆ ಬಿಡುವುದು. ಫ್ರೀಕ್ವೆನ್ಸಿ ಯಾಕೆ ಬದಲಿಸಬೇಕು? ಕೇಳುವುದೂ ಹೇಳುವುದೂ ಒಂದೇ ಫ್ರೀಕ್ವೆನ್ಸಿಯಲ್ಲಾದರೆ ತನ್ನ ಕೂಗಿನಲ್ಲೇ ಅದರ ಕಿವಿ ಕಿವುಡಾಗುತ್ತದೆ. ಹಾಗಾಗಿ ಉದಾಹರಣೆಗೆ 14 ಗಿಗಾಹರ್ಟ್ಸ್‌ನಲ್ಲಿ ಕೇಳಿ 11 ಅಥವಾ 12ರಲ್ಲಿ ಹೇಳುತ್ತದೆ. ಮನೆಮನೆಗೆ ಪ್ರಸಾರ ಮಾಡುವ ಒಂದು ಟ್ರಾನ್ಸ್‌ಪಾಂಡರಿನ ಬಲ ಸುಮಾರು 100ರಿಂದ 150 ವಾಟ್. ಹಳೆಯ ಕಾಲದ ಒಂದು ದೊಡ್ಡ ಬಲ್ಬಿಗೆ ಬೇಕಾದ ವಿದ್ಯುತ್ತು ಅಷ್ಟೇ. ಅದರಲ್ಲೇ ಒಂದು ಖಂಡದಷ್ಟು ಜಾಗಕ್ಕೆ ಹತ್ತಾರು ಚಾನೆಲ್!

ಹೆಚ್ಚಿನ ಟಿವಿ ಉಪಗ್ರಹಗಳು ಒಳಗೆ ಬಂದದ್ದೇನು ಎಂದು ಬಿಡಿಸಿ ನೋಡುವುದಿಲ್ಲ. ಯಾರು ಕಳಿಸಿದರು ಎಂದೂ ಕೇಳುವುದಿಲ್ಲ. 1986ರ ಏಪ್ರಿಲ್ 27ರ ನಡುರಾತ್ರಿ ಅಮೆರಿಕದಲ್ಲಿ ಇದು ಎಲ್ಲರ ಕಣ್ಣಿಗೂ ಬಿತ್ತು. ಎಚ್‌ಬಿಒ ಚಾನೆಲ್ಲಿನಲ್ಲಿ ಸಿನಿಮಾ ಓಡುತ್ತಿದ್ದಾಗ ಚಿತ್ರ ಮಾಯವಾಗಿ, 'ಕ್ಯಾಪ್ಟನ್ ಮಿಡ್‌ನೈಟ್' ಎಂಬ ಹೆಸರಿನಲ್ಲಿ ಒಂದು ಸಂದೇಶ ಪರದೆಯ ಮೇಲೆ ನಾಲ್ಕು ನಿಮಿಷಕ್ಕೂ ಜಾಸ್ತಿ ಹೊತ್ತು ನಿಂತಿತು. ಚಾನೆಲ್ಲಿಗೆ ಬೀಗ ಹಾಕಿ ಡಿಶ್ ಮಾಲೀಕರಿಂದ ಹಣ ಕೇಳುತ್ತಿದ್ದುದರ ವಿರುದ್ಧದ ಪ್ರತಿಭಟನೆ ಅದು. ಬೇರೊಂದು ಅಪ್‌ಲಿಂಕ್ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ವ್ಯಕ್ತಿಯೊಬ್ಬ ಅದೇ ಉಪಗ್ರಹದತ್ತ ಡಿಶ್ ತಿರುಗಿಸಿ, ಜಾಸ್ತಿ ಬಲದಲ್ಲಿ ಸಿಗ್ನಲ್ ಬಿಟ್ಟಿದ್ದ. ಬಲವಾಗಿ ಕೂಗಿದವರ ಮಾತನ್ನು ಉಪಗ್ರಹ ಹಾಗೇ ಕೆಳಕ್ಕೆ ದಾಟಿಸಿತು. ಆಮೇಲೆ ಅಲ್ಲಿ ಪ್ರತಿ ಅಪ್‌ಲಿಂಕ್ ಸಿಗ್ನಲ್ಲಿನ ಜೊತೆಗೂ ಗುರುತಿನ ಸಂಕೇತ ಹೋಗಬೇಕು ಎಂಬ ನಿಯಮ ಬಂತು.

ಇನ್ನು ಕೆಳಗಿನ ಕಥೆ. ಅಷ್ಟು ದೂರದಿಂದ ಹರಡಿಕೊಂಡು ಬಂದ ಸಿಗ್ನಲ್ ನಿಮ್ಮ ಅರವತ್ತು ಸೆಂಟಿಮೀಟರ್ ಡಿಶ್ಶಿಗೆ ಬೀಳುವ ಹೊತ್ತಿಗೆ ಎಷ್ಟು ಉಳಿದಿರುತ್ತದೆ ಗೊತ್ತಾ? ಒಂದು ವಾಟ್‌ನ ಲಕ್ಷ ಕೋಟಿಯಲ್ಲಿ ಒಂದು ಪಾಲಿನ ಆಸುಪಾಸು. ಡಿಶ್ ಎಂದರೆ ಸುಮ್ನೆ ಒಂದು ಬಾಗಿದ ತಗಡು, ಅದರಲ್ಲಿ ಯಾವ ಎಲೆಕ್ಟ್ರಾನಿಕ್ಸೂ ಇಲ್ಲ. ತನ್ನ ಮೇಲೆ ಬಿದ್ದದ್ದನ್ನೆಲ್ಲ ಒಂದೇ ಬಿಂದುವಿಗೆ ಒಟ್ಟುಗೂಡಿಸುವುದಷ್ಟೇ ಅದರ ಕೆಲಸ. ಆ ಬಿಂದುವಿನಲ್ಲಿ, ಉದ್ದದ ಕೈಯ ತುದಿಯಲ್ಲಿ ಕೂತಿರುವ ಮುಷ್ಟಿಗಾತ್ರದ ವಸ್ತುವೇ ಎಲ್‌ಎನ್‌ಬಿ. ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಕೆಲಸ ಮಾಡಿ ಅತಿ ಕಡಿಮೆ ಹೆಸರು ಪಡೆದದ್ದು ಇದು. ಸ್ವಲ್ಪ ಹತ್ತಿರದಿಂದ ನೋಡೋಣ.

ಮುಂದಿನ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಒಂದು ಕೊಳವೆ. ಅದರೊಳಗೆ ಒಂದಕ್ಕೊಂದು ಅಡ್ಡಲಾಗಿ ಎರಡು ಪುಟ್ಟ ಕಡ್ಡಿಗಳು. ಒಂದು ನಿಂತ ಅಲೆಯನ್ನು, ಅಂದರೆ ಮೇಲೆ ಕೆಳಗೆ ಆಡುವುದನ್ನು ಹಿಡಿಯುತ್ತದೆ, ಇನ್ನೊಂದು ಮಲಗಿದ ಅಲೆಯನ್ನು, ಅಂದರೆ ಅಕ್ಕಪಕ್ಕ ಆಡುವುದನ್ನು. ಅಲೆಗಳನ್ನು ಹೀಗೆ ಎರಡು ದಿಕ್ಕಿನಲ್ಲಿ ಕಳಿಸುವುದರಿಂದ ಅದೇ ಫ್ರೀಕ್ವೆನ್ಸಿಯಲ್ಲಿ ಎರಡು ಪಟ್ಟು ಚಾನೆಲ್ ಹಿಡಿಸುತ್ತವೆ. ಕಡ್ಡಿ ಹಿಡಿದ ಸಿಗ್ನಲ್ಲಿಗೆ ಮೊದಲು ಬಲ ತುಂಬಬೇಕು, ಅದೂ ಸ್ವಂತ ಗದ್ದಲ ಆದಷ್ಟೂ ಕಡಿಮೆ ಸೇರಿಸಿ. ಆಮೇಲೆ ಫ್ರೀಕ್ವೆನ್ಸಿ ಇಳಿಸಬೇಕು. 11,500 ಮೆಗಾಹರ್ಟ್ಸ್‌ನ ಸಿಗ್ನಲ್ಲನ್ನು ಹಾಗೇ ಕೇಬಲ್ಲಿಗೆ ಬಿಟ್ಟರೆ ಮನೆಯೊಳಗೆ ಬರುವಷ್ಟರಲ್ಲಿ ಸತ್ತೇ ಹೋಗುತ್ತದೆ. ಎಲ್‌ಎನ್‌ಬಿ ತನ್ನೊಳಗೆ 9,750 ಮೆಗಾಹರ್ಟ್ಸ್‌ನ ಒಂದು ಅಲೆ ಹುಟ್ಟಿಸಿ ಅದರ ಜೊತೆ ಬೆರೆಸುತ್ತದೆ. ಕಳೆದರೆ ಉಳಿಯುವುದು 1,750. ಇದನ್ನು ಸಾಧಾರಣ ಕೇಬಲ್ ಕೂಡ ಆರಾಮಾಗಿ ಹೊತ್ತು ತರುತ್ತದೆ.

ಎಲ್‌ಎನ್‌ಬಿಗೆ ಕರೆಂಟು ಎಲ್ಲಿಂದ? ಅದೇ ಕೇಬಲ್ಲಿನಲ್ಲಿ, ಎದುರು ದಿಕ್ಕಿನಿಂದ. ಸೆಟ್ ಟಾಪ್ ಬಾಕ್ಸ್ 13 ವೋಲ್ಟ್ ಕಳಿಸಿದರೆ ಎಲ್‌ಎನ್‌ಬಿ ನಿಂತ ಅಲೆಗೆ ತಿರುಗುತ್ತದೆ, 18 ಕಳಿಸಿದರೆ ಮಲಗಿದ ಅಲೆಗೆ. ಇದರ ಮೇಲೆ 22 ಕಿಲೋಹರ್ಟ್ಸ್‌ನ ಒಂದು ಸಣ್ಣ ಸದ್ದು ಸೇರಿಸಿದರೆ ಮೇಲಿನ ಫ್ರೀಕ್ವೆನ್ಸಿಗಳ ಪಟ್ಟಿಗೆ ಹೋಗು ಎಂದರ್ಥ. ಒಂದೇ ತಂತಿಯಲ್ಲಿ ಚಿತ್ರ ಕೆಳಕ್ಕೆ, ಕರೆಂಟು ಮೇಲಕ್ಕೆ, ಅಪ್ಪಣೆಯೂ ಮೇಲಕ್ಕೆ. ಆದರೆ ಆ ಅಪ್ಪಣೆ ಹೋಗುವುದು ಛಾವಣಿಯ ತನಕ ಮಾತ್ರ, ಅಲ್ಲಿಂದಾಚೆಗಲ್ಲ. ಎರಡು ಟಿವಿಗೆ ಒಂದೇ ಕೇಬಲ್ ಕವಲೊಡೆಸಿದರೆ ಗೋಳಾಗುವುದೂ ಇದಕ್ಕೇ. ಒಂದು ಬಾಕ್ಸ್ 13 ಅನ್ನುತ್ತದೆ, ಇನ್ನೊಂದು 18 ಅನ್ನುತ್ತದೆ, ಒಂದು ಟಿವಿಯಲ್ಲಿ ಚಾನೆಲ್ ಬದಲಿಸಿದರೆ ಇನ್ನೊಂದರ ಅರ್ಧ ಚಾನೆಲ್ ಹೋಗುತ್ತವೆ. ಎರಡು ಬಾಯಿಯ ಎಲ್‌ಎನ್‌ಬಿ ಹಾಕಿ ಎರಡು ಕೇಬಲ್ ಎಳೆಯುವುದೇ ಸರಿಯಾದ ದಾರಿ.

ಡಿಶ್ಶಿನ ಗಾತ್ರ ಯಾಕೆ ಒಂದೊಂದು ಕಡೆ ಒಂದೊಂದು? ಇದು ಮೇಲಿನದಕ್ಕೂ ಕೆಳಗಿನದಕ್ಕೂ ನಡುವಿನ ಚೌಕಾಸಿ. ಮೇಲೆ ಬಲ ಕಡಿಮೆ ಇದ್ದರೆ ಕೆಳಗೆ ದೊಡ್ಡ ಡಿಶ್ ಬೇಕು. ಮೇಲಿನ ಆಂಟೆನಾ ದೊಡ್ಡದಾಗಿದ್ದು ಸಿಗ್ನಲ್ಲನ್ನು ಒಂದೇ ಪ್ರದೇಶಕ್ಕೆ ಕೂಡಿಸಿದರೆ ಕೆಳಗೆ ಚಿಕ್ಕದು ಸಾಕು. ಇದನ್ನು ಮೊದಲು ದೊಡ್ಡ ಮಟ್ಟದಲ್ಲಿ ತೋರಿಸಿಕೊಟ್ಟದ್ದು 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಭಾರತದಲ್ಲಿ ನಡೆದ ಸೈಟ್ (ಉಪಗ್ರಹದ ಮೂಲಕ ಬೋಧನೆಯ ಟಿವಿ) ಪ್ರಯೋಗ. ನಾಸಾದ ಎಟಿಎಸ್-6 ಉಪಗ್ರಹ ಬಾಹ್ಯಾಕಾಶದಲ್ಲಿ ಒಂಬತ್ತು ಮೀಟರ್ ಅಗಲದ ಆಂಟೆನಾ ಬಿಚ್ಚಿಕೊಂಡಿತ್ತು. ಅದರಿಂದಾಗಿ ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ತಂತಿಬಲೆಯ, ಸುಮಾರು ಮೂರು ಮೀಟರಿನ ಸರಳ ಡಿಶ್ಶೇ ಸಾಕಾಯಿತು. ಕೇಬಲ್ ಇಲ್ಲ, ನಡುವೆ ಯಾವ ಟವರೂ ಇಲ್ಲ, ಉಪಗ್ರಹದಿಂದ ನೇರ ಹಳ್ಳಿಯ ಟಿವಿಗೆ. ಸಾಮಾನ್ಯ ಜನರ ಓದು, ಬೇಸಾಯ, ಆರೋಗ್ಯಕ್ಕಾಗಿ ಈ ತಂತ್ರವನ್ನು ದುಡಿಸಿಕೊಂಡ ಆ ಪ್ರಯೋಗದ ಬಗ್ಗೆ ನನಗೆ ಇಂದಿಗೂ ಅಪಾರ ಗೌರವವಿದೆ.

ಇಂದು ಮುಖ್ಯವಾಗಿ ಎರಡು ಪಟ್ಟಿಗಳು ಬಳಕೆಯಲ್ಲಿವೆ. ಸಿ ಬ್ಯಾಂಡ್, ಅಂದರೆ ಕೆಳಕ್ಕೆ ಬರುವಾಗ 4 ಗಿಗಾಹರ್ಟ್ಸ್‌ನ ಆಸುಪಾಸು. ಕೆಯು ಬ್ಯಾಂಡ್, ಅಂದರೆ 11, 12ರ ಆಸುಪಾಸು. ಸಿ ಬ್ಯಾಂಡ್ ಅಲೆಯ ಉದ್ದ ಏಳೂವರೆ ಸೆಂಟಿಮೀಟರ್, ಮಳೆಹನಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಆದರೆ ಡಿಶ್ ಎರಡು, ಮೂರು ಮೀಟರ್ ಬೇಕಾಗುತ್ತದೆ. ಕೆಯು ಬ್ಯಾಂಡಿಗೆ ಅರವತ್ತು ಸೆಂಟಿಮೀಟರ್ ಸಾಕು. ಆದರೆ ಅಲೆ ಎರಡೂವರೆ ಸೆಂಟಿಮೀಟರಿಗೆ ಇಳಿದಿರುವುದರಿಂದ ದಪ್ಪ ಮಳೆ ಅದನ್ನು ಹೀರುತ್ತದೆ, ಚದುರಿಸುತ್ತದೆ. ಮಳೆ ಬಂದಾಗ ಚಿತ್ರ ಹೋಗುವುದಕ್ಕೆ ಕಾರಣ ಡಿಶ್ ಒದ್ದೆಯಾದದ್ದಲ್ಲ, ಉಪಗ್ರಹದತ್ತ ಹೋಗುವ ಆ ದಾರಿಯುದ್ದಕ್ಕೂ ಇರುವ ನೀರು. ನಿಮ್ಮ ಮನೆ ಮೇಲೆ ಬಿಸಿಲಿದ್ದು, ಡಿಶ್ ನೋಡುವ ದಿಕ್ಕಿನಲ್ಲಿ ದಟ್ಟ ಮೋಡ ಸುರಿಯುತ್ತಿದ್ದರೂ ಸಿಗ್ನಲ್ ಹೋಗಬಹುದು.

ಹಳೆಯ ಅನಲಾಗ್ ಕಾಲದಲ್ಲಿ ಸಿಗ್ನಲ್ ಕುಗ್ಗಿದರೆ ಪರದೆ ತುಂಬಾ ಚುಕ್ಕಿ ಬೀಳುತ್ತಿದ್ದವು, ಆದರೂ ಚಿತ್ರ ಗೊತ್ತಾಗುತ್ತಿತ್ತು. ಡಿಜಿಟಲ್ ಹಾಗಲ್ಲ. ಅದರಲ್ಲಿ ತಪ್ಪು ತಿದ್ದಿಕೊಳ್ಳಲೆಂದೇ ಹೆಚ್ಚುವರಿ ಬಿಟ್‌ಗಳು ಇರುತ್ತವೆ. ಬಿಟ್‌ಗಳು ಹಾಳಾದರೂ ಬಾಕ್ಸ್ ಲೆಕ್ಕ ಹಾಕಿ ಸರಿಮಾಡಿಕೊಳ್ಳುತ್ತದೆ, ಚಿತ್ರ ಲಕಲಕ ಅನ್ನುತ್ತಿರುತ್ತದೆ. ಒಂದು ಮಿತಿ ದಾಟಿತೋ, ಚೌಕ ಚೌಕವಾಗಿ ಒಡೆದು ಒಮ್ಮೆಲೇ ಖಾಲಿ. ಅದಕ್ಕೇ ಡಿಶ್ ಕೂರಿಸುವಾಗ ಚಿತ್ರ ಬಂತು ಎಂದು ಅಲ್ಲಿಗೇ ಬಿಡಬಾರದು. ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್ ಗುಣಮಟ್ಟದ ಪಟ್ಟಿ ನೋಡಿ ಆದಷ್ಟೂ ಮೇಲಕ್ಕೆ ತರಬೇಕು. ಮಳೆಗಾಲಕ್ಕೆ ಉಳಿತಾಯ ಅದೇ.

ಈಗ ಸೇವೆಗಳ ಬಗೆಗೆ ಬರೋಣ. ಮೇಲಿನಿಂದ ಬೀಳುವ ಸಿಗ್ನಲ್ ಎಲ್ಲರಿಗೂ ಒಂದೇ ಅಲ್ವಾ? ಹಾಗಿದ್ದರೆ ಬಗೆಗಳು ಎಲ್ಲಿಂದ ಬಂದವು? ಎರಡೇ ಪ್ರಶ್ನೆಯಿಂದ: ಅದನ್ನು ಯಾರು ಹಿಡಿಯುತ್ತಾರೆ, ಬೀಗದ ಕೈ ಯಾರ ಹತ್ತಿರ ಇದೆ.

ಬೀಗವೇ ಇಲ್ಲದ್ದು ಉಚಿತ ಪ್ರಸಾರ. ಡಿಶ್, ಎಲ್‌ಎನ್‌ಬಿ, ಒಂದು ಸಾಧಾರಣ ರಿಸೀವರ್ ಇದ್ದರೆ ಆಯಿತು, ತಿಂಗಳ ಕಂತಿಲ್ಲ. ಸರಕಾರಿ ಪ್ರಸಾರ ಸಂಸ್ಥೆಗಳು, ಧಾರ್ಮಿಕ ಚಾನೆಲ್‌ಗಳು, ಜಾಹೀರಾತಿನಿಂದಲೇ ನಡೆಯುವ ಚಾನೆಲ್‌ಗಳು ಹೀಗೆ ಬರುತ್ತವೆ. ಕಡಿಮೆ ಚಾನೆಲ್ ಸಾಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ ಎಂಬುದು ನನ್ನ ಅಭಿಪ್ರಾಯ. ದೂರದ ಊರುಗಳಲ್ಲಿ, ಇಂಟರ್‌ನೆಟ್ ಕುಂಟುವ ಕಡೆ, ಇದರ ಬೆಲೆ ಇನ್ನೂ ಜಾಸ್ತಿ.

ಬೀಗ ಹಾಕಿ ನೇರ ಮನೆಗೆ ಕೊಡುವುದು ಡಿಟಿಎಚ್. ಇಲ್ಲಿ ಉಪಗ್ರಹದ ಒಂದೇ ದಾರಿಯ ಸ್ವಭಾವ ತುಂಬಾ ಚೆಂದವಾಗಿ ಕಾಣುತ್ತದೆ. ಚಾನೆಲ್ ಎಲ್ಲರ ಡಿಶ್ಶಿಗೂ ಬೀಳುತ್ತಿದೆ, ಹಣ ಕಟ್ಟದವರ ಡಿಶ್ಶಿಗೂ. ಆದರೆ ಬಿಟ್‌ಗಳನ್ನು ಕಲಸಿಟ್ಟಿರುತ್ತಾರೆ. ಬಿಡಿಸುವ ಕೀಲಿ ಕೆಲವು ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಆ ಕೀಲಿಯೂ ಚಾನೆಲ್ ಜೊತೆಗೇ ಗುಟ್ಟಾಗಿ ಬರುತ್ತದೆ, ಬಾಕ್ಸಿನಲ್ಲಿರುವ ಕಾರ್ಡ್ ಅಥವಾ ಚಿಪ್ ಮಾತ್ರ ಅದನ್ನು ಓದಬಲ್ಲದು. ಆದರೆ ಕಾರ್ಡ್ ಓದಬೇಕಾದರೆ ಅದಕ್ಕೆ ಹಕ್ಕು ಸಿಕ್ಕಿರಬೇಕು. ನೀವು ಹಣ ಕಟ್ಟಿದಿರಿ ಅನ್ನಿ. ನಿಮ್ಮ ಕಾರ್ಡಿನ ಸಂಖ್ಯೆ ಬರೆದ ಒಂದು ಪುಟ್ಟ ಸಂದೇಶ ಕೇಂದ್ರದಿಂದ ಉಪಗ್ರಹಕ್ಕೆ ಹೋಗಿ, ಅಲ್ಲಿಂದ ಎಲ್ಲರ ಮನೆಯ ಮೇಲೂ ಸುರಿಯುತ್ತದೆ. ಲಕ್ಷಾಂತರ ಬಾಕ್ಸ್‌ಗಳು ಅದನ್ನು ನೋಡಿ ನನ್ನದಲ್ಲ ಎಂದು ಬಿಡುತ್ತವೆ, ನಿಮ್ಮದೊಂದು ಮಾತ್ರ ನನ್ನದು ಎಂದು ಹಿಡಿದುಕೊಳ್ಳುತ್ತದೆ.

ಆ ಹೊತ್ತಿಗೆ ನಿಮ್ಮ ಬಾಕ್ಸ್ ಆಫ್ ಆಗಿದ್ದರೆ? ಸಂದೇಶ ಬಂತು, ಹೋಯಿತು. ತಲುಪಿತೋ ಇಲ್ಲವೋ ಎಂದು ಕೇಂದ್ರಕ್ಕೂ ಗೊತ್ತಾಗುವುದಿಲ್ಲ, ಯಾಕೆಂದರೆ ಬಾಕ್ಸ್ ಮರಳಿ ಹೇಳಲಾರದು. ಅದಕ್ಕೇ ಆ ಸಂದೇಶವನ್ನು ಕೆಲಕಾಲ ಮತ್ತೆ ಮತ್ತೆ ಕಳಿಸುತ್ತಾರೆ. ಬಾಕ್ಸ್ ಆನ್ ಮಾಡಿ ಒಂದು ಚಾನೆಲ್ಲಿನಲ್ಲಿ ಸ್ವಲ್ಪ ಹೊತ್ತು ಇಡಿ ಎನ್ನುವುದೂ ಇದಕ್ಕೇ. ಹಕ್ಕು ಕಿತ್ತುಕೊಳ್ಳುವ ಸಂದೇಶವನ್ನೂ ಬಾಕ್ಸ್ ಆರಿಸಿ ತಪ್ಪಿಸಿಕೊಳ್ಳಬಹುದಲ್ಲ ಎಂದು ಯಾರಾದರೂ ಕೇಳಬಹುದು. ಅದಕ್ಕೂ ಉಪಾಯವಿದೆ: ಹಕ್ಕು ಕೊಡುವಾಗಲೇ ಕೊನೆಯ ದಿನಾಂಕ ಸೇರಿಸಿಬಿಡುತ್ತಾರೆ. ಬಹಳ ದಿನ ಬಾಕ್ಸ್ ಮುಚ್ಚಿಟ್ಟು ಮರಳಿ ಬಂದವರಿಗೆ, ಹಣ ಕಟ್ಟಿದ್ದರೂ ಚಾನೆಲ್ ಬಾರದಿರುವುದು ಇದೇ ಕಾರಣಕ್ಕೆ. ಸಹಾಯವಾಣಿಗೆ ಹೇಳಿ ಸಂದೇಶ ಮತ್ತೊಮ್ಮೆ ಕಳಿಸಿಕೊಂಡರೆ ಆಯಿತು, ಬಾಕ್ಸ್ ಕೆಟ್ಟಿದೆ ಎಂದು ಬಿಚ್ಚಬೇಕಿಲ್ಲ.

ಮೂರನೆಯದು ಕೇಬಲ್. ಕೇಬಲ್ ನೋಡುವವರೂ ಹೆಚ್ಚಿನ ಪಾಲು ಉಪಗ್ರಹ ಟಿವಿಯನ್ನೇ ನೋಡುತ್ತಿದ್ದಾರೆ, ಡಿಶ್ ಮಾತ್ರ ಅವರ ಮನೆ ಮೇಲಿಲ್ಲ. ಕೇಬಲ್ ಸಂಸ್ಥೆಯವರು ದೊಡ್ಡ ಸಿ ಬ್ಯಾಂಡ್ ಡಿಶ್‌ಗಳನ್ನು ಸಾಲಾಗಿ ಇಟ್ಟು, ಹಲವು ಉಪಗ್ರಹಗಳಿಂದ ಚಾನೆಲ್ ಹಿಡಿದು, ಒಟ್ಟು ಮಾಡಿ ತಂತಿಯಲ್ಲಿ ಬಿಡುತ್ತಾರೆ. ಇತ್ತೀಚೆಗೆ ಹಲವು ದೇಶಗಳು ಸಿ ಬ್ಯಾಂಡಿನ ಒಂದು ಭಾಗವನ್ನು 5ಜಿ ಮೊಬೈಲಿಗೆ ಕೊಟ್ಟಿವೆ. ಅಂಥ ಕಡೆ ಮೊಬೈಲ್ ಟವರಿನ ಗದ್ದಲ ತಡೆಯುವ ಫಿಲ್ಟರ್ ಹಾಕದೆ ಈ ಡಿಶ್‌ಗಳು ಕೆಲಸ ಮಾಡಲಾರವು. ಕೆಲವು ಕಡೆ ಒಂದೇ ಸಂಸ್ಥೆ ಚಾನೆಲ್‌ಗಳನ್ನೆಲ್ಲ ಒಟ್ಟುಗೂಡಿಸಿ, ಬೀಗ ಹಾಕಿ, ಮತ್ತೆ ಉಪಗ್ರಹಕ್ಕೆ ಏರಿಸಿ ಸಣ್ಣ ಕೇಬಲ್ ನಡೆಸುವವರಿಗೆ ಇಳಿಸಿಕೊಡುವುದೂ ಉಂಟು. ಅಪಾರ್ಟ್‌ಮೆಂಟ್, ಹೋಟೆಲುಗಳಲ್ಲಿ ಛಾವಣಿಯ ಒಂದೇ ಡಿಶ್ಶಿನಿಂದ ಎಲ್ಲ ಕೋಣೆಗೂ ಹಂಚುವುದು ಇದರದೇ ಚಿಕ್ಕ ರೂಪ.

ನೋಡುಗರಿಗಲ್ಲದ ಇನ್ನೊಂದು ಸೇವೆಯೂ ಇದೆ. ಪಂದ್ಯದ ಮೈದಾನದಿಂದ, ಪ್ರವಾಹ ಬಂದ ಊರಿನಿಂದ ನೇರ ಪ್ರಸಾರ ಮಾಡುವ ವ್ಯಾನ್‌ಗಳ ತಲೆ ಮೇಲೆ ಡಿಶ್ ನೋಡಿರುತ್ತೀರಿ. ಅವು ಕೆಳಗಿನಿಂದ ಮೇಲಕ್ಕೆ ಕಳಿಸುವಂಥವು, ಆ ಚಿತ್ರ ಉಪಗ್ರಹದ ಮೂಲಕ ಸ್ಟುಡಿಯೋ ಸೇರುತ್ತದೆ. ಅಲ್ಲಿಂದ ಮತ್ತೆ ಏರಿ ನಿಮ್ಮ ಮನೆಗೆ ಇಳಿಯುತ್ತದೆ. ಒಂದು ಸಲ ಹತ್ತಿ ಇಳಿಯಲು ಕಾಲು ಸೆಕೆಂಡ್, ಚಿತ್ರ ಹಿಂಡಿ ಬಿಚ್ಚಲು ಇನ್ನೂ ಕೆಲವು ಸೆಕೆಂಡ್. ನೇರ ಪ್ರಸಾರ ಎಂದರೂ ನೀವು ಗೋಲು ನೋಡುವಷ್ಟರಲ್ಲಿ ಮೈದಾನದಲ್ಲಿ ಚಪ್ಪಾಳೆ ಮುಗಿದಿರುತ್ತದೆ.

ಬೇಕಾದ ಸಿನಿಮಾ ಬೇಕಾದಾಗ ನೋಡುವ ಸೇವೆಗೆ ಕೇಳುವ ದಾರಿಯೂ ಬೇಕು, ಅದು ಡಿಶ್ಶಿಗಿಲ್ಲ. ಹಾಗಾಗಿ ಬಾಕ್ಸಿಗೆ ಇಂಟರ್‌ನೆಟ್ ಜೋಡಿಸುತ್ತಾರೆ. ಇಲ್ಲವೇ ರಾತ್ರಿ ಹೊತ್ತಲ್ಲಿ ಎಲ್ಲರ ಬಾಕ್ಸಿನ ಹಾರ್ಡ್ ಡಿಸ್ಕಿಗೂ ಒಂದಷ್ಟು ಸಿನಿಮಾ ಮೊದಲೇ ತುಂಬಿಸಿಟ್ಟು, ಹಣ ಕಟ್ಟಿದವರಿಗೆ ಬೀಗ ತೆಗೆಯುತ್ತಾರೆ. ಸ್ಟಾರ್‌ಲಿಂಕ್‌ನಂಥ ಉಪಗ್ರಹ ಇಂಟರ್‌ನೆಟ್ಟೇ ಬೇರೆ. ಅದರ ಡಿಶ್ ಮಾತಾಡುತ್ತದೆ, ಉಪಗ್ರಹಗಳು ಕೆಳಗಿನ ಕಕ್ಷೆಯಲ್ಲಿ ಓಡುತ್ತಿರುತ್ತವೆ, ಪ್ರತಿಯೊಬ್ಬರಿಗೂ ಬೇರೆ ಬೇರೆ ಹರಿವು ಹೋಗುತ್ತದೆ. ಅಲ್ಲಿ ಜನ ಹೆಚ್ಚಾದಂತೆ ದಾರಿ ಇಕ್ಕಟ್ಟಾಗುತ್ತದೆ. ಒಂದೇ ಪಂದ್ಯವನ್ನು ಕೋಟಿ ಜನ ಒಂದೇ ಹೊತ್ತಿಗೆ ನೋಡುವಾಗ, ನೋಡುಗರು ಎಷ್ಟೇ ಆದರೂ ಇಕ್ಕಟ್ಟಾಗದ ಪ್ರಸಾರ ಉಪಗ್ರಹವನ್ನು ಮೀರಿಸುವುದು ಇಂದಿಗೂ ಸುಲಭವಲ್ಲ.

ಕೊನೆಯಲ್ಲಿ ಸಭೆಯಿಂದ ಬಂದ ಒಂದು ಪ್ರಶ್ನೆ: ಹೊಸ ಮನೆಯ ಛಾವಣಿಯಲ್ಲಿ ಡಿಶ್ ಎಲ್ಲಿಡಬೇಕು, ಮರ ಅಡ್ಡ ಬರುತ್ತದೋ ಇಲ್ಲವೋ ಮೊದಲೇ ತಿಳಿಯುವುದು ಹೇಗೆ? ಡಿಶ್ಶಿನ ಮುಖ ನೋಡಿ ಅಂದಾಜು ಮಾಡಬೇಡಿ. ಮನೆಯ ಡಿಶ್‌ಗಳಲ್ಲಿ ಎಲ್‌ಎನ್‌ಬಿ ಕೆಳಗಡೆ ಇರುವುದರಿಂದ ಡಿಶ್ ಎದುರು ಮನೆ ನೋಡುತ್ತಿರುವಂತೆ ಕಂಡರೂ, ಅದರ ದೃಷ್ಟಿ ಇರುವುದು ಸಾಮಾನ್ಯವಾಗಿ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲಕ್ಕೆ. ಇದಕ್ಕೆ ಸೂರ್ಯನೇ ಸಹಾಯ ಮಾಡುತ್ತಾನೆ. ವರ್ಷಕ್ಕೆರಡು ಸಲ, ಹಗಲು ರಾತ್ರಿ ಸಮನಾಗುವ ದಿನಗಳ ಹಿಂದೆಮುಂದೆ, ಸೂರ್ಯ ಕೆಲವು ದಿನ ಕೆಲವು ನಿಮಿಷ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ. ಅವನ ರೇಡಿಯೋ ಗದ್ದಲದಲ್ಲಿ ಸಿಗ್ನಲ್ ಮುಳುಗಿಹೋಗುತ್ತದೆ. ಆ ದಿನ, ಆ ನಿಮಿಷ ಯಾವುದೆಂದು ಊರಿನ ಅಕ್ಷಾಂಶ, ರೇಖಾಂಶ ಕೊಟ್ಟು ಲೆಕ್ಕ ಹಾಕುವ ಉಚಿತ ತಾಣಗಳು ಇಂಟರ್‌ನೆಟ್ಟಿನಲ್ಲಿವೆ. ಸೂರ್ಯ ನೇರ ಹಿಂದೆ ಬರುವ ನಿಮಿಷಕ್ಕೆ ಛಾವಣಿಗೆ ಹೋಗಿ, ಡಿಶ್ ಇಡಬೇಕೆಂದಿರುವ ಜಾಗದ ಮೇಲೆ ಬಿಸಿಲು ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಅಲ್ಲಿಂದ ಉಪಗ್ರಹಕ್ಕೆ ಅಡ್ಡ ಏನೂ ಇಲ್ಲ. ನೆರಳಿದ್ದರೆ, ಆ ನೆರಳು ಯಾವ ಕೊಂಬೆಯದೋ ಅದೇ ನಿಮ್ಮ ಸಿಗ್ನಲ್ಲನ್ನೂ ತಡೆಯುತ್ತದೆ, ಡಿಶ್ಶನ್ನು ಬಿಸಿಲಿರುವ ಕಡೆಗೆ ಸರಿಸಿ.